ಅತ್ತೆ ಕಟ್ಟು ಹಾಕಿಸಿದ ಲೇಖನ

ಆ ಮನೆಯ ಸೊಸೆ ಡಾಕ್ಟರು ಎಂದು ಬೀದಿಗೆಲ್ಲ ಗೊತ್ತು. ಆದರೆ ಅವಳಿಂದ ಒಂದು ನೆಗಡಿ ಮಾತ್ರೆ ಬರೆಸಿಕೊಂಡ ಪುಣ್ಯವಂತರು ಯಾರೂ ಇಲ್ಲ. ಕೆಮ್ಮಿಕೊಂಡು ಬಂದವರಿಗೆ, "ನಾನು ರೋಗಿಗಳನ್ನ ನೋಡಲ್ಲ, ಅವರ ರಕ್ತ ನೋಡ್ತೀನಿ" ಎನ್ನುವಳು. ರಕ್ತದ ಮಾತು ಕೇಳಿದ್ದೇ ಬಂದವರ ಕೆಮ್ಮು ಹೊಸ್ತಿಲಲ್ಲೇ ವಾಸಿಯಾಗುತ್ತಿತ್ತು.

ಅವಳ ಕೆಲಸ ರಕ್ತದ ಕ್ಯಾನ್ಸರಿನದು. ಯಾವ ಜೀನು ಕೆಟ್ಟರೆ ಯಾವ ಔಷಧಿ ನಾಟುವುದಿಲ್ಲ ಎಂದು ಹುಡುಕುವುದು, ಹುಡುಕಿದ್ದನ್ನು ಬರೆದು ದೊಡ್ಡ ಪತ್ರಿಕೆಗಳಿಗೆ ಕಳಿಸುವುದು. ಅತ್ತೆಗೆ ಅದರ ತಲೆಬುಡ ತಿಳಿಯದು. ತಲೆಬರಹದ ಉದ್ದ ನೋಡಿಯೇ ಲೇಖನಕ್ಕೆ ಬೆಲೆ ಕಟ್ಟುತ್ತಿದ್ದರು. ಒಮ್ಮೆ ಒಂದೇ ಸಾಲಿನದು ಬಂದಾಗ, "ಏನೇ, ಈ ಸಲ ಹುಷಾರಿರಲಿಲ್ವಾ?" ಎಂದು ಕೇಳಿದ್ದರು.

ಸೊಸೆಯ ಮೊಟ್ಟಮೊದಲ ಲೇಖನದ ತಲೆಬರಹ ಮೂರು ಸಾಲು. ಅತ್ತೆ ಅದಕ್ಕೆ ಕಟ್ಟು ಹಾಕಿಸಿ, ಟಿವಿಯ ಮೇಲೆ, ಗತಿಸಿದ ಮಾವನ ಫೋಟೋ ಇದ್ದ ಜಾಗದಲ್ಲಿ ತೂಗುಹಾಕಿದರು. ಮಾವ ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಹೋದರು. "ಅವರಿಗೇನು, ಸರ್ಕೊಂಡು ಕೂತ್ಕೋತಾರೆ" ಎಂದರು ಅತ್ತೆ. ಬಂದವರೆಲ್ಲ ಆ ಚೌಕಟ್ಟಿನ ಮುಂದೆ ನಿಂತು ತಲೆ ಆಡಿಸಿದ ಮೇಲೇ ಕಾಫಿ.

ವರುಷಗಳು ಕಳೆದವು. ಲೇಖನಗಳು ಹೆಚ್ಚಾದವು, ಬಡ್ತಿ ಬಾಗಿಲಿಗೆ ಬಂದು ನಿಂತಿತ್ತು. ಆಗ ದೂರದ ಆಸ್ಪತ್ರೆಯವರು ಮೊದಲ ಲೇಖನದ ಜೀವಕೋಶಗಳನ್ನು ಕೇಳಿದರು. ಒಂದು ಮಗುವಿನ ರಕ್ತದಿಂದ ತೆಗೆದು ಬೆಳೆಸಿದ ಕೋಶಗಳವು. ಆ ಲೇಖನವನ್ನು ನಂಬಿ ಅವರು ಹೊಸ ಔಷಧಿಯೊಂದನ್ನು ರೋಗಿಗಳ ಮೇಲೆ ಪರೀಕ್ಷಿಸಲು ಹೊರಟಿದ್ದರು. ಕಳಿಸುವ ಮುಂಚೆ ಕೋಶಗಳ ಗುರುತು ಪರೀಕ್ಷೆ ಆಗಬೇಕು. ಸೊಸೆ ಫ್ರೀಜರಿನಿಂದ ಹಳೆಯ ಸೀಸೆ ತೆಗೆದು ಪರೀಕ್ಷೆಗೆ ಕೊಟ್ಟಳು.

ಬಂದ ಉತ್ತರವನ್ನು ಎರಡೆರಡು ಸಲ ಓದಿದಳು. ಅವು ಆ ಮಗುವಿನ ಕೋಶಗಳೇ ಅಲ್ಲ. ಪಕ್ಕದ ಮೇಜಿನಲ್ಲಿ ಬೆಳೆಸುತ್ತಿದ್ದ ಬೇರೆ ಜಾತಿಯ ಕೋಶ, ಅದು ಹೇಗೋ ಒಂದು ಹನಿ ಬೆರೆತು, ಕಳೆಯಂತೆ ಹಬ್ಬಿ, ಇದ್ದದ್ದನ್ನೆಲ್ಲ ನುಂಗಿಹಾಕಿತ್ತು. ಮೂರು ಸಾಲಿನ ತಲೆಬರಹ ಹೇಳಿದ್ದು ಯಾರದೋ ಕಥೆ.

ವಿಭಾಗದ ಹಿರಿಯರು ಬಾಗಿಲು ಮುಂದೆ ಮಾಡಿ, "ಹಳೇದನ್ನ ಯಾಕಮ್ಮ ಕೆದಕ್ತೀಯಾ? ಸೀಸೆ ಒಡೆದೋಯ್ತು ಅಂತ ಬರೆದುಬಿಡು. ಬಡ್ತಿ ಆಗಲಿ, ಆಮೇಲೆ ನೋಡೋಣ" ಎಂದರು.

"ಅಷ್ಟರಲ್ಲಿ ಅವರು ಔಷಧಿ ಶುರು ಮಾಡಿಬಿಟ್ಟಿರ್ತಾರೆ, ಸರ್."

ಅಂದೇ ಆಸ್ಪತ್ರೆಗೂ ಪತ್ರಿಕೆಗೂ ಬರೆದಳು. ಅಲ್ಲಿ ಪರೀಕ್ಷೆ ನಿಂತಿತು, ಇಲ್ಲಿ ಬಡ್ತಿ ನಿಂತಿತು. ಅದನ್ನೆಲ್ಲ ತಡೆದುಕೊಂಡವಳಿಗೆ ಅತ್ತೆಯ ಮುಂದೆ ಮಾತ್ರ ನಾಲಿಗೆ ಏಳಲೊಲ್ಲದು. ಲೇಖನ ಹಿಂತೆಗೆದ ಪ್ರಕಟಣೆಯನ್ನು ಪತ್ರಿಕೆ ಅಚ್ಚು ಹಾಕುವ ತನಕ ಟಿವಿ ನೋಡುವಾಗಲೂ ತಲೆ ಎತ್ತಲಿಲ್ಲ. ಕೊನೆಗೊಂದು ಭಾನುವಾರ ಕುರ್ಚಿ ಹತ್ತಿ ಚೌಕಟ್ಟು ಇಳಿಸತೊಡಗಿದಳು.

"ಯಾಕೇ, ಧೂಳಾಗಿದೆಯಾ?"

"ಇದು ತಪ್ಪು ಲೇಖನ, ಅತ್ತೆ. ನಾನೇ ವಾಪಸ್ ತಗೊಂಡೆ."

"ಇಷ್ಟು ವರ್ಷ ಆದ್ಮೇಲೆ ಕಂಡುಹಿಡಿದೋರು ಯಾರು?"

"ನಾನೇ."

"ಪತ್ರಿಕೆಯವರಿಗೆ ಹೇಳಿದೋರು?"

"ಅದೂ ನಾನೇ."

ಅತ್ತೆ ಹಣೆ ಚಚ್ಚಿಕೊಂಡರು. "ನಿನ್ನಂಥ ಪೆದ್ದೀನ ನಾನು ನೋಡಿಲ್ಲ ಕಣೇ! ಎದುರುಮನೆಯವಳ ಮುಂದೆ ಹೇಗೆ ಮುಖ ತೋರಿಸ್ಲಿ?" ಎಂದು ದಿನವೆಲ್ಲ ಗೊಣಗಿದರು. ಗೋಡೆಯಲ್ಲಿ ಚೌಕಟ್ಟಿದ್ದ ಜಾಗ ಬೆಳ್ಳಗೆ ಎದ್ದು ಕಾಣುತ್ತಿತ್ತು. ಸಂಜೆ ಕೇಳಿದರು: "ವಾಪಸ್ ತಗೊಂಡೆ ಅಂತ ಅಚ್ಚಾಗಿದೆಯಾ? ನಿನ್ನ ಹೆಸರು ಹಾಕಿದಾರಾ?"

"ಹಾಕಿದಾರೆ."

"ಕೊಡು ಇಲ್ಲಿ."

ಮರುವಾರ ಎದುರುಮನೆಯಾಕೆ ಬಂದು, ಮತ್ತೆ ಟಿವಿಯ ಮೇಲೇರಿದ್ದ ಅದೇ ಚೌಕಟ್ಟಿನ ಮುಂದೆ ಕಣ್ಣು ಕಿರಿದು ಮಾಡಿದಳು. "ಇದೇನ್ರೀ, ಇಷ್ಟೇ ಇಷ್ಟಿದೆ?"

"ನನ್ನ ಸೊಸೆ ತಪ್ಪು ಮಾಡಿದೀನಿ ಅಂತ ಲೋಕಕ್ಕೆಲ್ಲ ಅಚ್ಚು ಹಾಕಿಸಿದಾಳೆ" ಎಂದರು ಅತ್ತೆ, ಸೆರಗು ಕೊಡವಿಕೊಂಡು. "ನಿಮ್ಮನೇಲಿ ಯಾರಾದ್ರೂ ಬಾಯಿಮಾತಿಗಾದ್ರೂ ಹೇಳಿದಾರಾ? ನಮ್ಮನೆಯವರಂತೂ ಕಣ್ಣು ಮುಚ್ಚೋವರೆಗೂ ಹೇಳಲಿಲ್ಲ."

ಸೊಸೆ ಕಾಫಿ ತರುತ್ತಾ ನಗು ತಡೆದಳು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಮಾವ ಸುಮ್ಮನೆ ನೋಡುತ್ತಿದ್ದರು. ಪಾಪ, ಅವರಿಗೆ ಈ ಸಲವೂ ಜಾಗ ಸಿಕ್ಕಿರಲಿಲ್ಲ.