ಒಲಿ ಬಂದ್

ಫೋನಿನಲ್ಲಿ ಟೈಪ್ ಮಾಡುವುದನ್ನು ಮೊಮ್ಮಗಳು ಕಲಿಸಿ ಎಂಟು ದಿನವಾಯಿತು. "ಮೊದಲ ದೇವರ ಹೆಸರು ಬರಿ, ಆಯಿ" ಎಂದಳು. ನಾನು ಬರೆದದ್ದು 'ಒಲಿ ಬಂದ್'. ದೇವರು ಕಾಯುತ್ತಾನೆ, ಸಿಟ್ಟು ಕಾಯುವುದಿಲ್ಲ.

ನಮ್ಮ ರಾಮದುರ್ಗದ ಕಡೆ ಊಟಕ್ಕೆ ಕರೆಯುವುದರಲ್ಲೂ ದರ್ಜೆಗಳಿವೆ. 'ಮನಿಗೊಬ್ಬರು ಬರ್ರಿ' ಎಂದರೆ ಯಜಮಾನ ಮಾತ್ರ. 'ನಿಮ್ಮ ಮನಿ ಒಲಿ ಬಂದ್' ಎಂದರೆ ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲರೂ. ಅಂದು ನಿಮ್ಮ ಮನೆಯಲ್ಲಿ ಒಲೆ ಹೊತ್ತಿಸಕೂಡದು. ಮರಾಠಿಯವರು 'ಚೂಲಬಂದ್' ಎನ್ನುತ್ತಾರೆ. ಸಂಸ್ಥಾನದ ಕಾಲದಲ್ಲಿ ಅವರಿಂದ ನಮಗೆ ಬಂತೋ, ನಮ್ಮಿಂದ ಅವರಿಗೆ ಹೋಯಿತೋ, ಪಂಡಿತರು ಜಗಳಾಡಲಿ. ಒಂದಂತೂ ಖರೆ: ಈ ಮಾತು ಹುಟ್ಟಿಸಿದವನು ಗಂಡಸು. ಒಲೆ ತಾನೇ ಹೊತ್ತಿ ತಾನೇ ಆರುತ್ತದೆ ಎಂದು ನಂಬಿದವರು ಬೇರೆ ಯಾರಿದ್ದಾರೆ?

ತೊಂಬತ್ತರ ದಶಕದ ಮಾತು. ಎದುರುಮನೆಯ ಗಂಗವ್ವ ಮಗಳ ನಿಶ್ಚಯಕ್ಕೆ ಒಲಿ ಬಂದ್ ಹೇಳಿದಳು. ಒಂದು ದಿನ ಹೊಗೆಯಿಲ್ಲ, ಬೂದಿಯಿಲ್ಲ! ರಾಣಿಯಂತೆ ಮಲಗಿದೆ. ಬೆಳಕು ಹರಿಯುವ ಮೊದಲೇ ಬಾಗಿಲು ಬಡಿದವಳೂ ಅವಳೇ.

"ಅಕ್ಕಾ, ಹೆಂಗೂ ನಿಮ್ಮ ಒಲಿ ಬಂದ್ ಐತಿ, ನಾಕ ರೊಟ್ಟಿ ಬಡಿಯಾಕ ಬರ್ರಿ."

ಹೋದೆ. ಓಣಿಯಲ್ಲಿ ಬಂದ್ ಆದ ಒಲೆಗಳೆಲ್ಲ ಅವಳ ಹಿತ್ತಲಲ್ಲಿ ಸಾಲಾಗಿ ಉರಿಯುತ್ತಿದ್ದವು, ಒಂದೊಂದರ ಮುಂದೆ ಒಬ್ಬೊಬ್ಬ ರಾಣಿ. ನಾಕು ರೊಟ್ಟಿ ಮಧ್ಯಾಹ್ನವಾದರೂ ಮುಗಿಯಲಿಲ್ಲ. ಗಂಡಸರು ಉಂಡು, ಎಲೆ-ಅಡಿಕೆ ಹಾಕಿಕೊಂಡು, "ಇವತ್ತ ಹೆಣ್ಮಕ್ಕಳಿಗೆ ಆರಾಮ ಆತ ಬಿಡ್ರಿ" ಎಂದರು.

ಹತ್ತು ವರ್ಷ ಹೀಗೆ ಓಣಿಯ ರೊಟ್ಟಿ ಬಡಿದೆ. ಒಂದೇ ಒಂದು ದಿನ ನಿಜವಾಗಿ ಒಲೆಯಿಂದ ಬಿಡುವು ಸಿಗಲಿ ಎಂಬುದಷ್ಟೇ ಆಸೆ. ಅಷ್ಟರಲ್ಲಿ ನಮ್ಮ ಯಜಮಾನರು ಸುರೇಬಾನದ ಮಾಸ್ತರಿಕೆಯಿಂದ ನಿವೃತ್ತರಾದರು. ಖುಷಿಗೆ, ನನ್ನನ್ನು ಕೇಳದೆ, ಓಣಿಗೆಲ್ಲ ಒಲಿ ಬಂದ್ ಹೇಳಿ ಬಂದರು.

"ಮತ್ತ ನಮ್ಮ ಒಲಿ?" ಎಂದೆ.

"ನಮ್ದ ಹೆಂಗ ಬಂದ್ ಆಕ್ಕೈತಿ? ಮಂದಿ ಉಣಬೇಕಲ್ಲ!"

"ಓಣಿಗೆಲ್ಲಾ ಹೇಳೀರಿ. ನಾನೂ ಈ ಓಣ್ಯಾಕಿನ ಅಲ್ಲೇನ್ರಿ? ನಂದೂ ಬಂದ್."

ಮರುದಿನ ಗಂಗವ್ವನೂ ಉಳಿದವರೂ ರೊಟ್ಟಿ ಬಡಿಯಲು ತೋಳೇರಿಸಿಕೊಂಡು ಬಂದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಎಲ್ಲರನ್ನೂ ಕೂರಿಸಿದೆ. ಹಿತ್ತಲಲ್ಲಿ ಯಜಮಾನರು ಹಸಿ ಕಟ್ಟಿಗೆ ಊದಿ ಊದಿ ಕಣ್ಣೀರಿಟ್ಟರು. ಕೊನೆಗೆ ಅಂಗಡಿಗೆ ಓಡಿ ಚೀಲ ತುಂಬ ಅವಲಕ್ಕಿ ತಂದು ಎಣ್ಣೆ, ಖಾರಪುಡಿ, ಉಳ್ಳಾಗಡ್ಡಿ ಹಚ್ಚಿದರು. ಬೆಂಕಿಯೇ ಬೇಡದ ಔತಣ. ಹೋಳಿಗೆ ನೆನೆದು ಬಂದ ಗಂಡಸರ ಮುಖ ನೋಡಬೇಕಿತ್ತು!

ಗಂಗವ್ವ ಎರಡನೇ ಸಲ ಹಾಕಿಸಿಕೊಂಡಳು. "ಅಕ್ಕಾ, ಒಲಿ ಬಂದ್ ಅಂದ್ರ ಇದ ನೋಡ್ರಿ. ಚಹಾ ಒಂದ ಆಗಿದ್ರ..."

ಎಲ್ಲರೂ ಯಜಮಾನರತ್ತ ನೋಡಿದೆವು. ಅವರು ಊದುಗೊಳವೆ ಹಿಡಿದು ಮತ್ತೆ ಹಿತ್ತಲಿಗೆ ನಡೆದರು. ತಾಸಿನ ಮೇಲೆ ಬಂದ ಚಹಾ ಬರೀ ಹೊಗೆ ವಾಸನೆ. ಆದರೆ ಒಬ್ಬಳೂ ಒಂದು ಗುಟುಕು ಬಿಡಲಿಲ್ಲ. ಇನ್ನೊಬ್ಬರ ಕಣ್ಣೀರಲ್ಲಿ ಕುದಿದ ಚಹಾ ಎಷ್ಟು ರುಚಿ ಎಂಬುದು ಗಂಡಸರಿಗೆ ಮೊದಲೇ ಗೊತ್ತಿತ್ತು. ನಮಗೆ ಅಂದು ಗೊತ್ತಾಯಿತು.