ಓಲೆ ಬಿಚ್ಚಿಟ್ಟು ಕೇಳುತ್ತಿದ್ದವರು

ಎಡಗಿವಿಯ ಓಲೆ ಬಿಚ್ಚಿ ನನ್ನ ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟರೆಂದರೆ ಮೇಡಂ ಇನ್ನು ಸದ್ಯಕ್ಕೆ ಅಲ್ಲಿಂದ ಕದಲುವುದಿಲ್ಲ ಎಂದೇ ಅರ್ಥ. ಹವಳದ ಓಲೆ, ಅದರ ಕೆಳಗೆ ತೂಗುವ ಒಂದು ಪುಟ್ಟ ಮುತ್ತು. ಆ ಮುತ್ತು ತಾಗಿ ಟಿಕ್ ಎಂದರೆ ಕೇಳಬೇಕಾದದ್ದು ಕೆಡುತ್ತದಂತೆ. ಓಲೆ ಬಿಚ್ಚಿಟ್ಟು, ಹಾರ್ಡ್ ಡಿಸ್ಕಿಗೆ ಕರೆಂಟು ಕೊಡಿಸಿ, ಸಂತೆಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೋಡುವವರ ಹಾಗೆ ಅದನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. "ಇದು ಬೇಡ, ಗೊರಕೆ ಹೊಡಿಯತ್ತೆ. ಇನ್ನೊಂದು ಕೊಡಪ್ಪ" ಎನ್ನುತ್ತಿದ್ದರು. ನನ್ನ ಅಂಗಡಿ ಇದ್ದದ್ದು ಶಿಡ್ಲಘಟ್ಟದ ಬಸ್ ನಿಲ್ದಾಣದ ಎದುರು. ಅಷ್ಟು ಹಾರನ್ನುಗಳ ನಡುವೆ ಡಿಸ್ಕಿನ ಗೊರಕೆ ಅವರಿಗೆ ಹೇಗೆ ಕೇಳಿಸುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಚಿಂತಾಮಣಿಯಲ್ಲಿ ಡಿಪ್ಲೊಮಾ ಓದುವಾಗ ಅವರು ನಮಗೆ ಎಲೆಕ್ಟ್ರಾನಿಕ್ಸ್ ಕಲಿಸಿದವರು. ನಾನು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಸಂಸಾರಸ್ಥನಾಗುವ ಹೊತ್ತಿಗೆ ಅವರು ನೌಕರಿ ಬಿಟ್ಟು ನಮ್ಮೂರಿನಲ್ಲೇ ಮನೆ ಹಿಡಿದಿದ್ದರು. ಮದುವೆ ಆಗಿರಲಿಲ್ಲ. ಊರಿನವರಿಗೆ ಅವರು ಮನೆಯೊಳಗೆ ಏನು ಮಾಡುತ್ತಾರೆಂಬುದೇ ದೊಡ್ಡ ಚಿಂತೆ. ನಾನಂತೂ ಹುಟ್ಟಾ ಕೆದಕುವ ಜಾತಿಯವನು. ಒಂದು ಮಧ್ಯಾಹ್ನ ಅವರು ಮರೆತು ಹೋದ ಓಲೆಯನ್ನು ತಲುಪಿಸುವ ನೆಪದಲ್ಲಿ ಹೋಗಿ ಒಳಗೆ ಇಣುಕಿಯೇಬಿಟ್ಟೆ.

ನಡುಮನೆಯ ಗೋಡೆಗಳಿಗೆಲ್ಲ ಹತ್ತಿಯ ಹಾಸಿಗೆ ಒರಗಿಸಿದ್ದರು. ನಡುವೆ ಆಳೆತ್ತರದ ಎರಡು ಸ್ಪೀಕರು, ಒಂದು ಕುರ್ಚಿ, ಮುಂದೆ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಪೆಟ್ಟಿಗೆ. ಅದೂ ಒಂದು ಕಂಪ್ಯೂಟರೇ. ಮನೆಯಲ್ಲಿರುವ ಸಿ.ಡಿ.ಗಳನ್ನೆಲ್ಲ ಚೂರೂ ಕಳೆಯದೆ ತನ್ನೊಳಗೆ ಇಟ್ಟುಕೊಂಡು, ಕೇಳಿದ್ದನ್ನು ಕೇಳಿದ ಕ್ಷಣದಲ್ಲಿ ನುಡಿಸುತ್ತದೆ. ಆದರೆ ಫ್ಯಾನಿಲ್ಲ. ಕಾವೆಲ್ಲ ಪೆಟ್ಟಿಗೆಯ ಮೈಯಿಂದಲೇ ಹೊರಗೆ ಹೋಗಬೇಕು, ಸದ್ದು ಮಾತ್ರ ಬರಕೂಡದು. ಮ್ಯೂಸಿಕ್ ಸರ್ವರ್ ಎಂದು ಅದರ ಹೆಸರು. ಹಾಡನ್ನು ಪ್ರಾಣದಂತೆ ಕೇಳುವವರಿಗಾಗಿ ಇಂಥದ್ದನ್ನು ಹೊರದೇಶಗಳಲ್ಲಿ ಮಾಡುತ್ತಾರಂತೆ, ನಮ್ಮಲ್ಲಿ ಏಕೆ ಆಗಬಾರದು ಎಂಬುದು ಅವರ ಹಟ. ಜನ ಆಗಷ್ಟೇ ಮೊಬೈಲಿಗೆ ಹಾಡು ತುಂಬಿಸಿಕೊಳ್ಳಲು ನನ್ನ ಅಂಗಡಿಗೆ ಬರುತ್ತಿದ್ದ ಕಾಲ ಅದು. ಇದನ್ನು ಕೊಳ್ಳುವವರು ಯಾರು ಎಂದು ಮನಸ್ಸಿನಲ್ಲೇ ನಕ್ಕೆ.

ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಕೊಳಲು ಕಛೇರಿ ಹಾಕಿದರು. "ನುಡಿಸೋರು ಎಲ್ಲಿ ಕೂತಿದ್ದಾರೆ ಹೇಳು?" ಎಂದು ಕೇಳಿದರು. ಸ್ಟುಡಿಯೋದಲ್ಲಿ ಎಂದೆ. ಮೇಡಂ ಬಹಳ ಹೊತ್ತು ನಕ್ಕರು, ಆಮೇಲೆ ಇನ್ನೊಂದ್ಸಲ ಎಂದರು. ಅವರ ಇಡೀ ಪಾಠಕ್ರಮ ಅದೊಂದೇ ಮಾತಿನಲ್ಲಿತ್ತು. ಇನ್ನೊಂದ್ಸಲ, ಇನ್ನೊಂದ್ಸಲ. ಮೊದಮೊದಲು ನನಗೆ ನನ್ನ ಹೊಟ್ಟೆಯ ಗುಡುಗುಡು ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ. ಆದರೂ ಕುತೂಹಲ ಬಿಡಬೇಕಲ್ಲ, ಸಂಜೆ ಅಂಗಡಿಯನ್ನು ತಮ್ಮನಿಗೆ ವಹಿಸಿ ಹೋಗತೊಡಗಿದೆ. ಹೀಗೇ ಒಂದು ದಿನ ಕೊಳಲು ಸ್ವಲ್ಪ ಎಡಕ್ಕಿದೆ, ಅದರ ಹಿಂದೆ ಮೃದಂಗದವರು ಮಂಡಿ ಸರಿಸಿ ಕೂತರು ಎಂಬುದು ಕಣ್ಣಿಗೆ ಕಂಡಷ್ಟೇ ಸ್ಪಷ್ಟವಾಗಿ ಕೇಳಿಸಿತು. ಆ ದಿನದಿಂದ ನಾನು ಅವರ ಪೆಟ್ಟಿಗೆಯ ಕೆಲಸಕ್ಕೆ ಪೂರಾ ಬಿದ್ದೆ.

ಪೆಟ್ಟಿಗೆ ಸಿದ್ಧವಾದಾಗ ಬೆಂಗಳೂರಿನ ವ್ಯಾಪಾರಿಯೊಬ್ಬರು ಬಂದು ಕೇಳಿ ತಲೆದೂಗಿದರು. ದೊಡ್ಡ ಹೋಟೆಲೊಂದರಲ್ಲಿ ಬಿಡುಗಡೆ ಮಾಡೋಣ ಎಂದರು. ಮೇಡಂ ಒಪ್ಪಲಿಲ್ಲ, ಇಲ್ಲೇ ಆಗಬೇಕು ಎಂದರು. ಕಾರಣ ವ್ಯಾಪಾರಿಗೆ ಹೇಳಲಿಲ್ಲ, ನನಗೆ ಹೇಳಿದರು. ಅವರಿಗೆ ಜಂಗಮಕೋಟೆಯಲ್ಲಿ ಒಬ್ಬ ಅಕ್ಕ. ತಾಯಿ ಹೋದ ಮೇಲೆ ರೇಷ್ಮೆ ಹುಳ ಸಾಕಿ ತಂಗಿಯನ್ನು ಓದಿಸಿದವರು. ಆ ಅಕ್ಕ ಬರುತ್ತಿದ್ದರು, ಹೋಗುತ್ತಿದ್ದರು, ಸೊಪ್ಪು ಸಾರು ತಂದುಕೊಡುತ್ತಿದ್ದರು. ಆದರೆ ತಂಗಿ ಕಟ್ಟಿದ್ದನ್ನು ಒಂದು ದಿನವೂ ಕೂತು ಕೇಳಿದವರಲ್ಲ. ಹೊಸ್ತಿಲ ಹತ್ತಿರ ತುದಿಗಾಲಲ್ಲಿ ಕೂತು, ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಹಸುಗೆ ನೀರು ಇಡಬೇಕು ಎಂದು ಎದ್ದು ಹೋಗಿಬಿಡುತ್ತಿದ್ದರು. ರೇಡಿಯೋದಲ್ಲಿ ಬರುವ ಹಾಡಿಗೆ ಇಷ್ಟೆಲ್ಲ ಯಾಕೆ ಎಂಬುದು ಅವರ ಪ್ರಶ್ನೆ. ಅದು ಮೇಡಂಗೆ ಒಳಗೊಳಗೇ ಕೊರೆಯುತ್ತಿತ್ತು.

"ಆ ಬೆಂಗಳೂರಿನವರು ತಗೊಂಡ್ರೆ ತಗೊಳ್ಳಲಿ, ಬಿಟ್ರೆ ಬಿಡಲಿ ಕಣೋ. ಆವತ್ತು ನಮ್ಮಕ್ಕ ಎದ್ದು ಹೋಗದೆ ಕೂತ್ರೆ ಸಾಕು" ಎಂದರು.

ಯಾವ ಹಾಡಿಗೂ ಕೂರದ ಅಕ್ಕನನ್ನು ಕೂರಿಸುವುದು ಹೇಗೆ? ಮೇಡಂ ತಲೆಗೆ ಏನು ಹೊಳೆಯಿತೋ, ಒಂದು ಬೆಳಿಗ್ಗೆ ಮೈಕುಗಳನ್ನು ನನ್ನ ಹೆಗಲಿಗೇರಿಸಿ ತಮ್ಮ ಜೊತೆ ಜಂಗಮಕೋಟೆಗೆ ಹೊರಡಿಸಿದರು. ಹುಳದ ಮನೆಯ ಬಾಗಿಲಲ್ಲೇ ಅಕ್ಕ ನನ್ನನ್ನು ತಡೆದು ಮೂಸಿದರು. ಅಂಗಡಿ ಪೂಜೆಗೆ ಊದುಬತ್ತಿ ಹಚ್ಚಿ ಬಂದಿದ್ದೆ, ವಾಸನೆ ಅಂಗಿಗೆ ಹಿಡಿದಿತ್ತು. ಹುಳಕ್ಕೆ ಹೊಗೆ ಆಗಲ್ಲ, ಊದುಬತ್ತಿ ವಾಸನೆ ಬಡಿದರೂ ಮೇವು ಬಿಡುತ್ತವೆ ಎಂದು ಗದರಿ, ಕೈಕಾಲು ತೊಳೆಸಿ, ಮನೆಯಲ್ಲಿದ್ದ ಹಳೇ ಅಂಗಿ ತೊಡಿಸಿ ಒಳಗೆ ಬಿಟ್ಟರು. ಮಾರನೆಯ ವಾರ ಗೂಡು ಕಟ್ಟಲಿರುವ ದೊಡ್ಡ ಹುಳಗಳು. ಅಕ್ಕ ಹಿಪ್ಪುನೇರಳೆ ಸೊಪ್ಪು ಹರಡಿದ್ದೇ ತಡ, ತಟ್ಟೆ ತಟ್ಟೆಯೂ ಚರಚರ ಎನ್ನತೊಡಗಿತು. ತೋಟದ ಮೇಲೆ ತುಂತುರು ಬಿದ್ದ ಹಾಗೆ. ಮೇಡಂ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ದಾರಿಯಲ್ಲಿ ಬಸ್ಸು ಹೋಯಿತೆಂದು ಒಮ್ಮೆ, ಅಕ್ಕನ ಬಳೆ ಸದ್ದಾಯಿತೆಂದು ಒಮ್ಮೆ ರೆಕಾರ್ಡಿಂಗ್ ನಿಲ್ಲಿಸಿ, ಇನ್ನೊಂದ್ಸಲ ಎಂದರು. ಹುಳ ತಿನ್ನೋದು ಯಾರಾದರೂ ಕೇಳ್ತಾರಾ ಎಂದು ಅಕ್ಕ ಗೊಣಗುತ್ತಲೇ ಬಳೆ ತೆಗೆದಿಟ್ಟರು.

ಬಿಡುಗಡೆಯ ದಿನ ಮೇಡಂ ಮನೆಯ ಹಾಲಿನಲ್ಲಿ ಜಮಖಾನ ಹಾಸಿದ್ದಾಯಿತು. ವ್ಯಾಪಾರಿ ತನ್ನ ಗಿರಾಕಿಗಳನ್ನು ಕರೆತಂದಿದ್ದರು. ಕಾಲೇಜಿನವರು, ಅಕ್ಕಪಕ್ಕದವರು ತುಂಬಿದ್ದರು. ಹೊಸ ಮೆಷಿನ್ನಿಗೆ ಪೂಜೆ ಆಗಲೇಬೇಕೆಂದು ಅಕ್ಕನೇ ಪೆಟ್ಟಿಗೆಗೆ ಕುಂಕುಮವಿಟ್ಟು, ಹೂವೇರಿಸಿ, ಮುಂದೆ ಊದುಬತ್ತಿ ಸಿಕ್ಕಿಸಿ, ಎಂದಿನಂತೆ ಹೊಸ್ತಿಲ ಹತ್ತಿರ ಹೋಗಿ ಕೂತರು. ಮೊದಲು ವೀಣೆ, ಆಮೇಲೆ ನಾಗಸ್ವರ. ಗಿರಾಕಿಗಳು ಕಣ್ಣು ಮುಚ್ಚಿ ತಲೆಯಾಡಿಸಿದರು. ಮೇಡಂ ಕಣ್ಣು ಮಾತ್ರ ಹೊಸ್ತಿಲ ಮೇಲೆ. ಅಕ್ಕ ಒಮ್ಮೆ ಹೊರಗೆ ಬಿಸಿಲು ನೋಡಿದರು, ಒಮ್ಮೆ ಚಪ್ಪಲಿ ನೋಡಿದರು. ನಾನು ಗಾಬರಿಯಿಂದ ಮೇಡಂ ಕಡೆ ನೋಡಿದೆ. ಅವರು ತಡಮಾಡದೆ ಹುಳದ ಸದ್ದು ಹಾಕಿದರು.

ಕೋಣೆ ತುಂಬ ಚರಚರ. ಮಳೆಯಾ ಎಂದು ವ್ಯಾಪಾರಿ ಪಕ್ಕದವರನ್ನು ಕೇಳಿದರು. ಅಷ್ಟರಲ್ಲಿ ಅಕ್ಕ ಎದ್ದೇಬಿಟ್ಟರು.

ಮೇಡಂ ಮುಖ ಇಳಿದುಹೋಯಿತು. ಆ ಮುಖ ನಾನು ಮರೆಯಲಾರೆ. ಆದರೆ ಅಕ್ಕ ಹೊರಗೆ ಹೋಗಲಿಲ್ಲ. ಕೂತವರನ್ನು ದಾಟಿಕೊಂಡು ನೇರವಾಗಿ ಮುಂದೆ ಬಂದು, ತಾವೇ ಹಚ್ಚಿದ್ದ ಊದುಬತ್ತಿಯನ್ನು ಪಂಚಪಾತ್ರೆಯ ನೀರಿಗೆ ಅದ್ದಿ ಆರಿಸಿದರು. ಹೊಗೆಯನ್ನು ಸೆರಗಿನಿಂದ ಕಿಟಕಿಯ ಕಡೆಗೆ ಬೀಸಿದರು. ಆಮೇಲೆ ತಟ್ಟೆಗಳನ್ನು ಹುಡುಕುವವರ ಹಾಗೆ ಸುತ್ತ ನೋಡಿ, ಅಲ್ಲಿ ಹುಳವೇ ಇಲ್ಲವೆಂಬುದು ನೆನಪಾಗಿ, ನಾಚಿಕೊಂಡು ನಿಂತರು.

"ಏನೋ ತಾಯಿ, ಸೊಪ್ಪು ಹಾಕಿದ್ದೀನಿ ಅಂದ್ಕೊಂಡೆ" ಎಂದರು.

ಮೇಡಂ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಅಕ್ಕನ ಕೈ ಹಿಡಿದು ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು. ಅಕ್ಕ ಕೊನೆಯವರೆಗೂ ಅಲ್ಲೇ ಕೂತಿದ್ದರು, ವೀಣೆಯನ್ನು ಮತ್ತೊಮ್ಮೆ ಹಾಕಿಸಿಕೊಂಡೂ ಕೇಳಿದರು.

ಪೆಟ್ಟಿಗೆ ಹೇಳಿಕೊಳ್ಳುವಷ್ಟು ಮಾರಾಟವಾಗಲಿಲ್ಲ. ಕೆಲವು ಮನೆಗಳಿಗೆ ಹೋಯಿತು, ಅಷ್ಟೇ. ಆಮೇಲೆ ಎಲ್ಲರ ಹಾಡೂ ಮೊಬೈಲಿಗೆ ಬಂತು. ಮೇಡಂ ಅದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಅವರು ಕಾಯಿಲೆ ಬಿದ್ದು ತೀರಿಹೋಗುವ ಹೊತ್ತಿಗೆ ಅಕ್ಕನಿಗೂ ಮಂಡಿ ಹಿಡಿದು, ಹುಳ ಸಾಕುವುದು ನಿಂತಿತ್ತು. ನನ್ನ ಮಟ್ಟಿಗೆ, ಸುಮ್ಮನೆ ಕೂತು ಕೇಳುವುದೆಂದರೆ ಏನೆಂದು ಮೇಡಂ ಕಲಿಸದಿದ್ದರೆ ಹಾರನ್ನಿನ ನಡುವೆಯೇ ಜೀವನ ಕಳೆಯುತ್ತಿದ್ದೆ. ಈಗ ಹೆಂಡತಿ ಮಾತಾಡುವಾಗಲೂ ಕೈಕೆಲಸ ಬಿಟ್ಟು ಕೇಳುತ್ತೇನೆ. ಅವಳೂ ಮೇಡಂ ಹೆಸರು ಹೇಳಿ ನಗುತ್ತಾಳೆ.

ತಿಥಿಯ ದಿನ ಪೆಟ್ಟಿಗೆ ತರಲು ಅಕ್ಕ ಹೇಳಿಕಳಿಸಿದ್ದರು. ನೆಂಟರು ಉಂಡು ಹೋದ ಮೇಲೆ ಜಂಗಮಕೋಟೆಯ ಅಕ್ಕನ ಮನೆಯ ಪಡಸಾಲೆಯಲ್ಲಿ ವೈರು ಜೋಡಿಸಿದೆ. ಮೇಡಂ ಫೋಟೋಗೆ ಹಾರ ಹಾಕಿದ್ದರು. ಓಲೆ ಎರಡೂ ಕಿವಿಯಲ್ಲಿದ್ದ ಫೋಟೋ. ಮುಂದೆ ದೀಪ, ಪಕ್ಕದಲ್ಲಿ ಕಟ್ಟುಗಟ್ಟಲೆ ಊದುಬತ್ತಿ ಉರಿಯುತ್ತಿತ್ತು. ನಾನು ಸ್ವಿಚ್ಚಿಗೆ ಕೈ ಚಾಚಿದಾಗ ಅಕ್ಕ ತಾಳು ಎಂದರು. ಗೋಡೆ ಹಿಡಿದು ಎದ್ದು, ಫೋಟೋ ಮುಂದಿನ ಊದುಬತ್ತಿಯನ್ನೆಲ್ಲ ಒಟ್ಟಿಗೆ ಕಿತ್ತು, ನೀರಿಗದ್ದಿ, ಕಿಟಕಿಯಾಚೆ ಹಾಕಿದರು. ಹೊಗೆ ಪೂರ್ತಿ ಹೋಗುವವರೆಗೂ ಸೆರಗಿನಿಂದ ಬೀಸಿದರು. ಆಮೇಲೆ ಬಂದು ತಂಗಿಯ ಫೋಟೋ ಪಕ್ಕ ಗೋಡೆಗೊರಗಿ ಕೂತರು.

"ಈಗ ಹಾಕಪ್ಪ" ಎಂದರು.