ನೀರಿಲ್ಲದ ಕಾಲುವೆಯ ದಂಡೆಯಲ್ಲಿ

ಮೇ ತಿಂಗಳಲ್ಲಿ ರಾಯಚೂರು ಸೀಮೆ ಸುತ್ತಲು ಹೊರಟಿದ್ದೇನೆ ಎಂದಾಗ ತುಮಕೂರಿನಲ್ಲಿ ನನ್ನ ಅಕ್ಕ, "ನಿನಗೇನು ತಲೆ ಕೆಟ್ಟಿದೆಯಾ?" ಎಂದಳು. ಅದು ಎಂಬತ್ತರ ದಶಕದ ಕೊನೆ. ನಾನು ಶಾಲೆಯ ಟೀಚರು. ರಜೆ ಸಿಗುತ್ತಿದ್ದುದೇ ಬೇಸಿಗೆಯಲ್ಲಿ. ಬೆನ್ನಿಗೊಂದು ಚೀಲ ಏರಿಸಿ ಹೊರಟೇಬಿಟ್ಟೆ.

ಲಿಂಗಸುಗೂರಿನಲ್ಲಿ ಇಳಿದಾಗ ಬೆಳಿಗ್ಗೆಯೇ ನೆಲ ಕಾದಿತ್ತು. ಬಸ್‌ಸ್ಟ್ಯಾಂಡ್ ಎದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆ. ಹೋಟೆಲಿನವನು, "ಈ ಬಿಸಲಾಗ ಒಬ್ರ ಎಲ್ಲಿಗ್ರೀ?" ಎಂದ. ಊರು ನೋಡಲು ಎಂದೆ. "ಬಿಸಲ ಐತಿ ನೋಡ್ರಿ, ಬೇಕಾದಷ್ಟು!" ಎಂದು ನಕ್ಕು ಇನ್ನೊಂದು ಮಿರ್ಚಿ ಪುಕ್ಕಟೆ ಹಾಕಿದ.

ಮಸ್ಕಿಯಲ್ಲಿ ಅಶೋಕನ ಶಾಸನದ ಬಂಡೆಯ ಹತ್ತಿರ ನಾನು ಮತ್ತು ಎರಡು ಆಡುಗಳು, ಅಷ್ಟೇ. ಜನ ಬರುವ ಕಾಲದಲ್ಲಿ ಈ ಭಾಗ್ಯ ಎಲ್ಲಿ? ಸಂಜೆ ಸಿಂಧನೂರು ಸೇರಿದೆ. ಲಾಡ್ಜಿಗೆಲ್ಲ ನಾನೊಬ್ಬಳೇ ಗಿರಾಕಿ.

ಮರುದಿನ, ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಳಿ ಕುಟುಂಬಗಳಿರುವ ಆರ್.ಎಚ್. ಕ್ಯಾಂಪ್ ನೋಡೋಣವೆಂದು ನಡೆದೇ ಹೊರಟೆ. ನಕ್ಷೆಯಲ್ಲಿ ಕಾಲುವೆ ನೀಲಿಯಾಗಿತ್ತಲ್ಲ, ಅಲ್ಲಿ ತುಂಬಿಸಿಕೊಂಡರಾಯಿತು ಎಂದು ಬಾಟಲಿಯ ನೀರನ್ನೆಲ್ಲ ದಾರಿಯಲ್ಲೇ ಕುಡಿದೆ. ಕಾಲುವೆ ಸಿಕ್ಕಿತು. ಒಳಗೆ ಬಿರುಕುಬಿಟ್ಟ ಕೆಸರು. ಅಯ್ಯೋ ದೇವರೇ! ದಂಡೆಯ ಮೇಲೆ ಎಷ್ಟು ನಡೆದರೂ ಮರವಿಲ್ಲ, ಮನುಷ್ಯರಿಲ್ಲ. ನಾಲಿಗೆ ಅಂಟಿತು, ಕಣ್ಣು ಕತ್ತಲಿಟ್ಟಿತು. ಇಲ್ಲೇ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದು ನಿಜಕ್ಕೂ ಹೆದರಿದೆ.

ಕೊನೆಗೊಂದು ಗುಡಿಸಲು ಕಂಡಿತು. ವಯಸ್ಸಾದ ಹೆಂಗಸೊಬ್ಬಳು ಓಡಿಬಂದು ತೋಳು ಹಿಡಿದಳು. ಹೆಸರು ಹುಲಿಗೆಮ್ಮ ಎಂದು ಆಮೇಲೆ ತಿಳಿಯಿತು. ನೀರು ಎಂದೆ. ಆಕೆ ನೀರು ಕೊಡದೆ ನೆರಳಲ್ಲಿ ಕೂರಿಸಿ, ನೆತ್ತಿಗೆ ಒದ್ದೆ ಬಟ್ಟೆ ಹಾಕಿ, ಬಾಯಿಗೆ ಬೆಲ್ಲದ ಚೂರು ಇಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು.

"ಮೊದ್ಲು ನೀರು ಕೊಡಿ!"

"ತಡಿ ಯವ್ವಾ, ಕಾದ ಮೈಗೆ ಗಟಗಟ ಕುಡೀಬಾರ್ದು."

ಬೆಲ್ಲ ಕರಗಿದ ಮೇಲೆ ಗುಟುಕು ಗುಟುಕಾಗಿ ಕುಡಿಸಿದಳು. ಎರಡನೇ ಚೊಂಬಿಗೆ ಕೊಡವನ್ನು ಬಗ್ಗಿಸಿ ಸುರಿದಳು.

"ಕಾಲುವೇಲಿ ನೀರು ಯಾಕಿಲ್ಲ?" ಎಂದೆ.

"ಬ್ಯಾಸಿಗ್ಯಾಗ ಬಂದ್ ಇರತೈತಿ. ಬಂದ್ ಆಗೂಕಿಂತ ಮೊದ್ಲ ಊರ ಕೆರಿ ತುಂಬಿಸ್ಕೊಂತೀವಿ. ಮಳಿಗಾಲದ ತನಕ ಅದನ್ನ ಕುಡಿಯೂದು."

ಹಾಗೇ ತಂಪಿಗೆ ನಿದ್ದೆ ಹೋದೆ. ಎದ್ದಾಗ ಗುಡಿಸಲಿನಲ್ಲಿ ಯಾರೂ ಇರಲಿಲ್ಲ, ಕೊಡವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹುಲಿಗೆಮ್ಮ ಬಿಸಿಲಲ್ಲಿ ಕೊಡ ಹೊತ್ತು ದಂಡೆ ಇಳಿದು ಬಂದಳು. ಮನೆಯ ನೀರನ್ನೆಲ್ಲ ನಾನೇ ಕುಡಿದು ಮುಗಿಸಿದ್ದೆ ಎಂದು ಆಗ ಹೊಳೆಯಿತು. ಕೊಡ ಇಳಿಸಿದವಳೇ ಮೊದಲು ನನ್ನ ಬಾಟಲಿ ತುಂಬಿದಳು. ನನಗೆ ಅಳುವೇ ಬಂತು.

ಕ್ಯಾಂಪ್ ನೋಡುವ ಆಸೆ ಅಲ್ಲಿಗೇ ಬಿಟ್ಟೆ. ಬಿಸಿಲು ಇಳಿದ ಮೇಲೆ ಸಿಂಧನೂರಿನ ಬಸ್ಸು ನಿಲ್ಲುವ ಕಡೆಗೆ ಆಕೆಯೇ ಕರೆತಂದಳು. ಹತ್ತುವಾಗ ಆಕೆಯ ಕೈ ಹಿಡಿದುಕೊಂಡೆ. ಆಕೆ ನಾಚಿಕೊಂಡು ಹೇಳಿದಳು:

"ಸುಗ್ಗ್ಯಾಗ ಬರಬೇಕಿತ್ತವಾ. ಈಗ ಬಂದಿ, ನಿನಗ ಏನೂ ಕೊಡಾಕ ಆಗ್ಲಿಲ್ಲ."

ಬಸ್ಸು ಹೊರಟಿತು. ತಿರುಗಿ ನೋಡಿದೆ. ಮಧ್ಯಾಹ್ನ ಕೊಡ ಹೊತ್ತು ಒದ್ದೆಯಾಗಿದ್ದ ಸೆರಗನ್ನು ತಲೆಗೆ ಎಳೆದುಕೊಂಡು ಆಕೆ ಇನ್ನೂ ಅಲ್ಲೇ ನಿಂತಿದ್ದಳು.